ಓಡುತ್ತಿರುವ ಪಿಕಪ್ ಆಗಾಗ ಆಫ್ ಆಗುತ್ತಿದೆಯೇ? ಪಂಪ್ ಬಿಚ್ಚುವ ಮೊದಲು ಇಷ್ಟು ನೋಡಿ

ನಮ್ಮ ಗ್ಯಾರೇಜ್ ಇರುವುದು ಚನ್ನರಾಯಪಟ್ಟಣದ ಹತ್ತಿರ, ಹೆದ್ದಾರಿ 75ರ ಮಗ್ಗುಲಲ್ಲಿ. ಬರುವ ಗಾಡಿಗಳಲ್ಲಿ ಪಿಕಪ್‌ಗಳೇ ಹೆಚ್ಚು. ತೆಂಗಿನಕಾಯಿ, ಆಲೂಗಡ್ಡೆ, ಶುಂಠಿ ಹೊರುವವು, ಮಂಗಳೂರಿನಿಂದ ಶಿರಾಡಿ ಹತ್ತಿಸಿ ಮೀನಿನ ಬಾಕ್ಸ್ ತರುವವು. ಬಹುಪಾಲು ಹಳೆಯ ಕಾಮನ್ ರೈಲ್ (ಪಂಪ್ ಒತ್ತಿದ ಡೀಸೆಲನ್ನು ರೈಲ್ ಅನ್ನುವ ಒಂದೇ ಕೊಳವೆಯಲ್ಲಿ ಭಾರೀ ಪ್ರೆಷರ್‌ನಲ್ಲಿಟ್ಟು ಎಲ್ಲ ಸಿಲಿಂಡರ್‌ಗೂ ಹಂಚುವ) ಡೀಸೆಲ್ ಗಾಡಿಗಳು, ಮೂರನೇ ಕೈಗೋ ನಾಲ್ಕನೇ ಕೈಗೋ ಬಂದಿರುತ್ತವೆ. ಇವುಗಳ ದೂರುಗಳಲ್ಲಿ ನನಗೆ ಅತಿ ಹೆಚ್ಚು ಕೆಲಸ ಕೊಡುವುದು ಒಂದೇ: "ಅಣ್ಣಾ, ಹೋಗ್ತಾ ಹೋಗ್ತಾ ಇದ್ದಕ್ಕಿದ್ದಂಗೆ ಆಫ್ ಆಗ್ತೈತೆ. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗದೇ ಇರೋ ಥರ ಸ್ಟಾರ್ಟ್ ಆಗ್ತೈತೆ."

ಗ್ಯಾರೇಜಿಗೆ ಬಂದಾಗ ಗಾಡಿ ಚೆನ್ನಾಗಿಯೇ ಇರುತ್ತದೆ. ಹೀಗಾಗಿ ಇಂಥ ಗಾಡಿಯ ಮೇಲೆ ಅಂದಾಜಿನ ರಿಪೇರಿ ಜಾಸ್ತಿ. ಒಬ್ಬರು ಡೀಸೆಲ್ ಫಿಲ್ಟರ್ ಹಾಕುತ್ತಾರೆ, ಇನ್ನೊಬ್ಬರು ಸೆನ್ಸರ್ ಬದಲಿಸುತ್ತಾರೆ, ಮೂರನೆಯವರು ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸುತ್ತಾರೆ. ನನ್ನ ಪದ್ಧತಿ ಬೇರೆ. ಗಾಡಿ ಹೇಗೆ ನಿಂತಿತು ಅನ್ನುವುದು ಗೊತ್ತಾಗುವವರೆಗೆ ಒಂದು ಬೋಲ್ಟನ್ನೂ ಸಡಿಲಿಸುವುದಿಲ್ಲ.

ಮೊದಲು ಇಂಜಿನ್ ಓಡುತ್ತಿರಲು ಏನೇನು ಬೇಕು ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಹಳೇ ಕಾಲದ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಡೀಸೆಲ್ ಸಿಕ್ಕರೆ ಸಾಕಿತ್ತು, ಬ್ಯಾಟರಿ ಸತ್ತಿದ್ದರೂ ತಳ್ಳಿ ಸ್ಟಾರ್ಟ್ ಮಾಡಿ ಊರು ಸೇರಬಹುದಿತ್ತು. ಕಾಮನ್ ರೈಲ್ ಹಾಗಲ್ಲ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್ ಡಬ್ಬಿ, ಹೇಳುತ್ತದೆ. ಅದಕ್ಕೆ ಮೂರು ಬೇಕು: ಸರಿಯಾದ ಕರೆಂಟ್ ಮತ್ತು ಅರ್ಥಿಂಗ್, ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟ್) ತಿರುಗುತ್ತಿದೆ ಅನ್ನುವ ಸಿಗ್ನಲ್, ಮತ್ತು ರೈಲ್‌ನಲ್ಲಿ ಸಾಕಷ್ಟು ಪ್ರೆಷರ್. ಈ ಮೂರರಲ್ಲಿ ಒಂದು ಕ್ಷಣಮಾತ್ರ ಕೈಕೊಟ್ಟರೂ ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ. ನೀವು ಹುಡುಕುತ್ತಿರುವುದು ಈ ಮೂರರಲ್ಲಿ ಯಾವುದು ಅನ್ನುವುದನ್ನೇ.

ಡ್ರೈವರನ್ನು ವಿಚಾರಿಸುವುದು

ಓನರ್ ಅಲ್ಲ, ಓಡಿಸಿದವನೇ ಹೇಳಬೇಕು. ನಾನು ಮೊದಲು ಕೇಳುವುದು: ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಟಕ್ಕನೆ ನಿಂತಿತೋ, ಅಥವಾ ಎಳೆತ ಕಡಿಮೆಯಾಗಿ, ಜರ್ಕ್ ಹೊಡೆದು, ಮಿಸ್ಸಿಂಗ್ ಬಂದು ನಿಂತಿತೋ?

ಟಕ್ಕನೆ ನಿಂತರೆ ನನ್ನ ಅನುಮಾನ ವೈರಿಂಗ್ ಕಡೆಗೆ: ರಿಲೇ, ಇಗ್ನಿಷನ್ ಸ್ವಿಚ್, ಅರ್ಥಿಂಗ್, ಕ್ರ್ಯಾಂಕ್ ಸೆನ್ಸರ್. ಉಸಿರುಗಟ್ಟಿ ನಿಂತರೆ ಡೀಸೆಲ್ ಕಡೆಗೆ: ಟ್ಯಾಂಕಿನ ಜಾಲರಿ, ಫಿಲ್ಟರ್, ಪೈಪಿನಲ್ಲಿ ಏರ್, ಪಂಪ್. ಹತ್ತರಲ್ಲಿ ಎಂಟು ಸಲ ಈ ಒಂದು ಪ್ರಶ್ನೆಯಲ್ಲೇ ದಾರಿ ಇಬ್ಭಾಗವಾಗುತ್ತದೆ. ಉಳಿದ ಎರಡರಲ್ಲಿ ಡ್ರೈವರ್ ಫೋನಿನಲ್ಲಿ ಮಾತಾಡುತ್ತಿದ್ದ, ಗಮನಿಸಿರುವುದಿಲ್ಲ.

ಆಮೇಲೆ, ಮತ್ತೆ ಸ್ಟಾರ್ಟ್ ಆಗಲು ಎಷ್ಟು ಹೊತ್ತು ಬೇಕಾಯಿತು? ಕೀ ಆಫ್ ಮಾಡಿ ಆನ್ ಮಾಡಿದ ತಕ್ಷಣ ಹತ್ತಿಕೊಂಡರೆ ಲೂಸ್ ಕನೆಕ್ಷನ್. ಹತ್ತು ಹದಿನೈದು ನಿಮಿಷ ಕಾಯಲೇಬೇಕಾದರೆ ಎರಡು ಸಾಧ್ಯತೆ. ಬಿಸಿಯಾಗಿ ಕೈಕೊಟ್ಟ ಯಾವುದೋ ಸೆನ್ಸರ್ ಅಥವಾ ವೈರ್ ತಣ್ಣಗಾಗಿದೆ, ಇಲ್ಲವೇ ಟ್ಯಾಂಕಿನೊಳಗೆ ಜಾಲರಿಗೆ ಅಂಟಿದ್ದ ಕಸ ಕೆಳಗಿಳಿದಿದೆ. ಫಿಲ್ಟರ್ ಮೇಲಿನ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಪಂಪ್) ಒತ್ತಿದ ಮೇಲೇ ಸ್ಟಾರ್ಟ್ ಆಗುವುದಾದರೆ ಏರ್ ಹಿಡಿಯುತ್ತಿದೆ.

ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಕೇಳಿ. ಏರಿನಲ್ಲಿ ಲೋಡ್ ಇದ್ದಾಗ ಮಾತ್ರವೋ, ಹಂಪ್ ಹಾರಿಸಿದಾಗಲೋ, ಕ್ಲಚ್ ಒತ್ತಿ ನಿಲ್ಲಿಸಲು ಹೋದಾಗಲೋ, ಮಳೆಯಲ್ಲೋ? ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು? ಕಾಲು ಟ್ಯಾಂಕ್‌ಗಿಂತ ಕಡಿಮೆ ಇದ್ದಾಗ ಮಾತ್ರ ಬರುವ ಕಾಯಿಲೆ ಅಂದರೆ ಟ್ಯಾಂಕಿನೊಳಗಿನ ಸಕ್ಷನ್ ಪೈಪ್ ಸೀಳಿರಬಹುದು. ತುಂಬಿಸಿದಾಗ ಸೀಳು ಡೀಸೆಲ್‌ನಲ್ಲಿ ಮುಳುಗಿರುತ್ತದೆ, ಕಡಿಮೆಯಾದಾಗ ಗಾಳಿ ಎಳೆಯುತ್ತದೆ.

ಕೊನೆಯ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ: ಈ ತೊಂದರೆ ಶುರುವಾಗುವ ಮುಂಚೆ ಗಾಡಿಗೆ ಏನು ಮಾಡಿಸಿದ್ರಿ? ಹೊಸ ಹಾರ್ನ್, ಎಲ್‌ಇಡಿ ಲೈಟ್, ಮ್ಯೂಸಿಕ್ ಸಿಸ್ಟಮ್, ಜಿಪಿಎಸ್, ಕ್ಲಚ್ ಪ್ಲೇಟ್ ಕೆಲಸ, ಕೊನೆಗೆ ವಾಟರ್ ಸರ್ವೀಸ್ ಆದರೂ ಸರಿ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದವರು ಕ್ರ್ಯಾಂಕ್ ಸೆನ್ಸರ್ ವೈರನ್ನು ಮೊದಲಿದ್ದ ಕ್ಲಿಪ್ಪಿಗೆ ಸಿಕ್ಕಿಸದೆ ಬಿಟ್ಟಿರುವುದು ನಾನು ಕಂಡಿರುವ ಮಾಮೂಲಿ ಸಂಗತಿ.

ನಿಂತ ಆ ಕ್ಷಣದಲ್ಲಿ

ಮೊದಲು ಜೀವ, ಆಮೇಲೆ ಕಾಯಿಲೆ. ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದಿರುವ ವ್ಯಾಕ್ಯೂಮ್ ಒಂದೆರಡು ಒತ್ತಿಗೆ ಮಾತ್ರ ಸಾಕಾಗುತ್ತದೆ. ಆದ್ದರಿಂದ ಬ್ರೇಕನ್ನು ಮತ್ತೆ ಮತ್ತೆ ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಎಡಕ್ಕೆ ತನ್ನಿ. ಗಾಡಿ ಉರುಳುತ್ತಿರುವಾಗ ಕೀ ಲಾಕ್‌ವರೆಗೆ ತಿರುಗಿಸಲೇಬೇಡಿ, ಸ್ಟೀರಿಂಗ್ ಲಾಕ್ ಬೀಳುತ್ತದೆ. ಘಾಟಿಯಲ್ಲಿ ಹ್ಯಾಂಡ್ ಬ್ರೇಕ್ ಸಾಲದು, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹಿಂದೆ ತ್ರಿಕೋನ ಇಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕಿ, ಹಿಂದೆ ಬೈಕಿನವರು ಬರುತ್ತಿರುತ್ತಾರೆ.

ನೇರವಾದ, ಖಾಲಿ ರಸ್ತೆಯಲ್ಲಿ ನಿಂತರೆ ಮಾತ್ರ ಈ ಪರೀಕ್ಷೆ ಮಾಡಿ. ಕ್ಲಚ್ ಒತ್ತದೆ, ಗೇರ್‌ನಲ್ಲಿರುವಾಗಲೇ ಆರ್‌ಪಿಎಂ ಮುಳ್ಳನ್ನು ನೋಡಿ. ಚಕ್ರಗಳು ಇಂಜಿನ್ನನ್ನು ಇನ್ನೂ ತಿರುಗಿಸುತ್ತಿರುತ್ತವೆ, ಹಾಗಾಗಿ ಮುಳ್ಳು ವೇಗಕ್ಕೆ ತಕ್ಕಂತೆ ನಿಧಾನವಾಗಿ ಇಳಿಯಬೇಕು. ಇಂಜಿನ್ ತಿರುಗುತ್ತಿದ್ದರೂ ಮುಳ್ಳು ದಢಕ್ಕನೆ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸಿಗ್ನಲ್ ಹೋಗಿದೆ, ಅಥವಾ ಇಸಿಯುಗೇ ಕರೆಂಟ್ ಹೋಗಿದೆ. ಮುಳ್ಳು ಸರಿಯಾಗಿಯೇ ಇದ್ದು ಎಳೆತ ಮಾತ್ರ ಇಲ್ಲದಿದ್ದರೆ ಡೀಸೆಲ್ ಕಡೆ ಹೋಗಿ. ಕೆಲವು ಹಳೆಯ ಮೀಟರ್‌ಗಳು ಆರ್‌ಪಿಎಂ ಅನ್ನು ಆಲ್ಟರ್ನೇಟರ್‌ನಿಂದ ತೆಗೆದುಕೊಳ್ಳುತ್ತವೆ, ಅವುಗಳಲ್ಲಿ ಈ ಪರೀಕ್ಷೆ ಉಪಯೋಗಕ್ಕೆ ಬಾರದು. ಮುಳ್ಳೇ ಇಲ್ಲದ ಗಾಡಿಯಾದರೆ ಇಸಿಯುಗೆ ಸೇರಿಸಿ ಓದುವ ಸ್ಕ್ಯಾನರ್‌ನಲ್ಲಿ ನೋಡಬೇಕು.

ಗಾಡಿ ಪಕ್ಕಕ್ಕೆ ಬಂದ ಮೇಲೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಇಂಜಿನ್ ಚಿತ್ರದ ಹಳದಿ ಚೆಕ್ ಲೈಟ್ ಹತ್ತಬೇಕು. ಮಿಕ್ಕ ಲೈಟ್‌ಗಳೆಲ್ಲ ಹತ್ತಿ ಅದೊಂದೇ ಹತ್ತದಿದ್ದರೆ ಇಸಿಯುಗೆ ಕರೆಂಟ್ ಇಲ್ಲ. ಯಾವ ಲೈಟೂ ಹತ್ತದಿದ್ದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್ ಅಥವಾ ಇಗ್ನಿಷನ್ ಸ್ವಿಚ್. ಆಮೇಲೆ ಟ್ಯಾಂಕ್ ಮುಚ್ಚಳ ತೆಗೆಯಿರಿ. ಜೋರಾಗಿ ಗಾಳಿ ಒಳಗೆ ಎಳೆದ ಶಬ್ದ ಬಂದು, ತಕ್ಷಣ ಗಾಡಿ ಸ್ಟಾರ್ಟ್ ಆದರೆ ಟ್ಯಾಂಕಿನ ಬ್ರೀದರ್ (ಗಾಳಿ ಒಳಬರುವ ತೂತು) ಕಟ್ಟಿಕೊಂಡಿದೆ. ಈ ರಿಪೇರಿಗೆ ಖರ್ಚೇ ಇಲ್ಲ. ಮಣ್ಣು ರಸ್ತೆ ಓಡುವ ಗಾಡಿಗಳಲ್ಲಿ ಇದು ಆಗುತ್ತದೆ.

ವೈರಿಂಗ್ ಕಡೆ

ಟಕ್ಕನೆ ನಿಲ್ಲುವ ಗಾಡಿಯಲ್ಲಿ ನಾನು ಮೊದಲು ನೋಡುವುದು ಕೀ ಗೊಂಚಲು. ಮನೆ ಕೀ, ಗೋಡೌನ್ ಕೀ, ಟ್ಯಾಂಕ್ ಕೀ, ದೇವಸ್ಥಾನದ ಹಿತ್ತಾಳೆ ಗಂಟೆ, ಎಲ್ಲವನ್ನೂ ಒಂದಕ್ಕೇ ಕಟ್ಟಿರುತ್ತಾರೆ. ವರ್ಷಗಟ್ಟಲೆ ಆ ಭಾರ ಜೋಲಾಡಿ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿರುತ್ತದೆ. ಇಂಜಿನ್ ಐಡ್ಲಿಂಗ್‌ನಲ್ಲಿರಲಿ, ಕೀಯನ್ನು ಆನ್ ಜಾಗದಲ್ಲೇ ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ. ಇಂಜಿನ್ ತಡವರಿಸಿದರೆ ಕೆಲಸ ಅಲ್ಲಿಗೇ ಮುಗಿಯಿತು.

ಆಮೇಲೆ ಬ್ಯಾಟರಿ ಟರ್ಮಿನಲ್. ಕೈಯಲ್ಲಿ ತಿರುಗಿಸಿದರೆ ತಿರುಗಬಾರದು. ಅರ್ಥಿಂಗನ್ನು ಕಣ್ಣಿನಿಂದ ನೋಡಿ ಸರಿ ಇದೆ ಅನ್ನಬೇಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಒತ್ತಿ, ಸೆಲ್ಫ್ ಹೊಡೆಸಿ. 0.2 ವೋಲ್ಟ್ ಸುತ್ತಮುತ್ತ ಇದ್ದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೇಬಲ್‌ನಲ್ಲಿ ತುಕ್ಕು ಅಥವಾ ಲೂಸ್ ಇದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬದ ನಡುವೆ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಇಸಿಯುನ ಅರ್ಥ್ ವೈರ್‌ಗಳು ಬಾಡಿಗೋ ಬ್ಲಾಕಿಗೋ ಸೇರುವ ಬೋಲ್ಟ್ ಬೇರೆಯೇ ಇರುತ್ತದೆ. ಅದನ್ನು ಬಿಚ್ಚಿ, ಸ್ಯಾಂಡ್ ಪೇಪರ್ ಹಾಕಿ, ಬಿಗಿ ಮಾಡಿ.

ಫ್ಯೂಸ್ ಬಾಕ್ಸ್‌ನಲ್ಲಿ ಇಸಿಯು ಮೇನ್ ರಿಲೇ ಹುಡುಕಿ. ಅದೇ ನಂಬರಿನ, ಅಷ್ಟೇ ಕಾಲಿನ ರಿಲೇ ಹಾರ್ನಿಗೋ ಹೆಡ್‌ಲೈಟಿಗೋ ಇದ್ದರೆ ಅದಲು ಬದಲು ಮಾಡಿ ಓಡಿಸಿ. ಗಾಡಿ ನಿಲ್ಲುವ ಬದಲು ಹಾರ್ನ್ ಕೈಕೊಡಲು ಶುರುವಾದರೆ ಕಳ್ಳ ಸಿಕ್ಕಿದ ಹಾಗೆ. ರಿಲೇ ಎಳೆದಾಗ ಕೆಳಗಿನ ಸಾಕೆಟನ್ನೂ ನೋಡಿ, ಪಿನ್ ಸಡಿಲವಾಗಿ ಕಪ್ಪಾಗಿದ್ದರೆ ಹೊಸ ರಿಲೇ ಹಾಕಿದರೂ ಒಂದು ತಿಂಗಳು ಅಷ್ಟೇ.

ಜಿಪಿಎಸ್ ಬಗ್ಗೆ ಒಂದು ಮಾತು. ಕಳ್ಳತನದ ಭಯಕ್ಕೆ ಓನರ್‌ಗಳು ಹಾಕಿಸುವ ಕೆಲವು ಜಿಪಿಎಸ್ ಡಬ್ಬಿಗಳ ಜೊತೆ ಇಂಜಿನ್ ಕಟ್ ಮಾಡುವ ಸಣ್ಣ ರಿಲೇ ಬರುತ್ತದೆ. ಅದನ್ನು ಇಗ್ನಿಷನ್ ವೈರ್ ಕತ್ತರಿಸಿ ನಡುವೆ ಸೇರಿಸಿ, ಬೆಸುಗೆ ಇಲ್ಲದೆ ತಿರುಚಿ, ಕಪ್ಪು ಟೇಪ್ ಸುತ್ತಿರುತ್ತಾರೆ. ಡ್ಯಾಶ್‌ಬೋರ್ಡಿನ ಕೆಳಗೆ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಇಂಥ ವೈರ್ ಕಂಡರೆ ನಾನು ಓನರ್‌ಗೆ ಹೇಳಿಯೇ ಆ ರಿಲೇ ತೆಗೆದು ಮೂಲ ವೈರನ್ನು ಬೆಸೆದು ಓಡಿಸಿ ನೋಡುತ್ತೇನೆ. ಹೇಳದೆ ತೆಗೆದರೆ ಮಾರನೇ ದಿನ ಜಗಳ.

ಇನ್ನು ಇಲಿ. ಕೊಬ್ಬರಿ, ಜೋಳ, ಹಿಂಡಿ ಇರುವ ಗೋಡೌನ್ ಪಕ್ಕ ರಾತ್ರಿ ನಿಲ್ಲುವ ಗಾಡಿಯಲ್ಲಿ ಇಂಜಿನ್ ಮೇಲೆ ಹಿಕ್ಕೆ ಇದೆಯೇ ನೋಡಿ. ಹಿಕ್ಕೆ ಇದ್ದರೆ ಕಚ್ಚಿದ ವೈರೂ ಇರುತ್ತದೆ.

ಇಷ್ಟಾದರೂ ಸಿಗದಿದ್ದರೆ ಬಲ್ಬಿನ ಉಪಾಯ. ಎರಡು ಸಣ್ಣ 12 ವೋಲ್ಟ್ ಎಲ್‌ಇಡಿ ಬಲ್ಬ್ ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ 1 ಆಂಪಿಯರ್ ಫ್ಯೂಸ್ ಇರಲಿ. ಒಂದನ್ನು ಇಗ್ನಿಷನ್ ಸ್ವಿಚ್‌ನಿಂದ ಹೊರಬರುವ ಕರೆಂಟಿಗೆ, ಇನ್ನೊಂದನ್ನು ಇಸಿಯು ಮೇನ್ ರಿಲೇಯಿಂದ ಹೊರಬರುವ ಕರೆಂಟಿಗೆ ಸೇರಿಸಿ, ಎರಡನ್ನೂ ಡ್ರೈವರ್ ಕಣ್ಣಿಗೆ ಕಾಣುವಂತೆ ಮೀಟರ್ ಮೇಲೆ ಟೇಪ್ ಹಾಕಿ ಅಂಟಿಸಿ. ಗಾಡಿಯನ್ನು ಅದರ ಮಾಮೂಲಿ ಟ್ರಿಪ್‌ಗೆ ಕಳಿಸಿ. ನಿಂತಾಗ ಎರಡೂ ಆರಿದರೆ ಸ್ವಿಚ್ ಅಥವಾ ಅದರ ಹಿಂದಿನ ಫ್ಯೂಸ್. ಎರಡನೆಯದು ಮಾತ್ರ ಆರಿದರೆ ರಿಲೇ ಕಡೆ. ಎರಡೂ ಉರಿಯುತ್ತಿದ್ದರೆ ಕರೆಂಟ್ ಸರಿಯಾಗಿದೆ, ಸೆನ್ಸರ್ ಅಥವಾ ಡೀಸೆಲ್ ನೋಡಿ. ಸಾವಿರಾರು ರೂಪಾಯಿಯ ಸಾಮಾನು ಹಾಕಿ ತಿಳಿಯುವುದನ್ನು ನೂರು ರೂಪಾಯಿಯಲ್ಲಿ ಇದು ತಿಳಿಸುತ್ತದೆ. ಆದರೆ ಸೆನ್ಸರ್ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಲೇಬಾರದು, ಇಸಿಯು ಸುಡಬಹುದು. ಅಲ್ಲಿ ಮಲ್ಟಿಮೀಟರ್ ಮಾತ್ರ.

ಕ್ರ್ಯಾಂಕ್ ಸೆನ್ಸರ್

ಬಿಸಿಯಾದಾಗ ನಿಂತು, ತಣ್ಣಗಾದಾಗ ಹತ್ತುವ ಗಾಡಿಗೆ ಎಲ್ಲರೂ ಹೇಳುವ ಹೆಸರು ಇದು. ಅನುಮಾನ ತಪ್ಪಲ್ಲ, ಆದರೆ ಸಾಬೀತು ಮಾಡಬೇಕು. ಸಾಮಾನ್ಯವಾಗಿ ಫ್ಲೈವೀಲ್ ಹತ್ತಿರ ಬೆಲ್ ಹೌಸಿಂಗ್‌ಗೋ, ಮುಂದೆ ಪುಲ್ಲಿ ಹತ್ತಿರವೋ ಇರುತ್ತದೆ. ಬಿಚ್ಚಿ ತುದಿ ನೋಡಿ, ಅಯಸ್ಕಾಂತವಾದ್ದರಿಂದ ಕಬ್ಬಿಣದ ಪುಡಿ ಗಡ್ಡದ ಥರ ಬೆಳೆದಿರುತ್ತದೆ. ಅದನ್ನು ಒರೆಸಿ. ಕಪ್ಲರ್ ಒಳಗೆ ಆಯಿಲ್ ಸೇರಿದ್ದರೆ ಕ್ಲೀನ್ ಮಾಡಿ.

ಎರಡು ವೈರಿನ ಕಾಯಿಲ್ ಸೆನ್ಸರ್ ಆದರೆ ಓಮ್ ನೋಡಬಹುದು. ಹಲವು ಗಾಡಿಗಳಲ್ಲಿ ತಣ್ಣಗಿರುವಾಗ 800–900 ಓಮ್ ಆಸುಪಾಸು ಇರುತ್ತದೆ, ನಿಮ್ಮ ಗಾಡಿಯದ್ದನ್ನು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಖಚಿತ ಮಾಡಿಕೊಳ್ಳಿ. ಈಗ ಹೇರ್ ಡ್ರೈಯರ್‌ನಿಂದ ಅದನ್ನು ಮುಟ್ಟಲಾಗದಷ್ಟು ಬಿಸಿ ಮಾಡಿ ಮತ್ತೆ ಅಳೆಯಿರಿ. ತಾಮ್ರದ ತಂತಿ ಬಿಸಿಯಾದಾಗ ಓಮ್ ಏರುವುದು ಸಹಜ, 20 ಡಿಗ್ರಿಯಿಂದ 90 ಡಿಗ್ರಿಗೆ ಹೋದರೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಏರುತ್ತದೆ. ಅಷ್ಟಕ್ಕೇ ಸೆನ್ಸರ್ ಕೆಟ್ಟಿದೆ ಅನ್ನಬೇಡಿ. ಮೀಟರ್‌ನಲ್ಲಿ ಅಂಕಿ ಹಾರಾಡಿದರೆ ಅಥವಾ ಓಪನ್ ತೋರಿಸಿದರೆ ಆಗ ಕೆಟ್ಟಿದೆ. ಮೂರು ವೈರಿನದ್ದಾದರೆ ಸಾಮಾನ್ಯವಾಗಿ ಹಾಲ್ ಸೆನ್ಸರ್ (ಕಾಯಿಲ್ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವುದು), ಅದಕ್ಕೆ ಓಮ್ ಪರೀಕ್ಷೆ ಅನ್ವಯಿಸುವುದಿಲ್ಲ. ಸಪ್ಲೈ, ಅರ್ಥ್ ಮತ್ತು ಸಿಗ್ನಲ್ ನೋಡಬೇಕು.

ರಸ್ತೆಯಲ್ಲಿ ಮಾಡಬಹುದಾದ ಪರೀಕ್ಷೆ ಒದ್ದೆ ಬಟ್ಟೆಯದು. ಬಿಸಿಯಲ್ಲಿ ನಿಂತಾಗ ಸೆನ್ಸರ್ ಮೇಲೆ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಒಂದೆರಡು ನಿಮಿಷ ಬಿಡಿ. ಟರ್ಬೊ, ಸೈಲೆನ್ಸರ್ ಪೈಪ್ ಮೇಲೆ ನೀರು ಚೆಲ್ಲಬೇಡಿ. ಯಾವಾಗಲೂ ಕಾಲು ಗಂಟೆ ಬೇಡುವ ಗಾಡಿ ಈ ಬಟ್ಟೆಯಿಂದ ತಕ್ಷಣ ಹತ್ತಿಕೊಂಡರೆ ಜಾಗ ಸಿಕ್ಕಿತು.

ಜಾಗ ಸಿಕ್ಕಿತು ಅಂದೆ, ಸೆನ್ಸರ್ ಅಂತ ಹೇಳಲಿಲ್ಲ. ಮೀನಿನ ಬಾಕ್ಸ್ ತರುವ ಒಂದು ಪಿಕಪ್ ಗುಂಡ್ಯ ದಾಟಿ ಘಾಟಿ ಹತ್ತುವಾಗ ನಿಲ್ಲುತ್ತಿತ್ತು. ಐಸ್ ಕರಗಿ, ಮೀನು ಕೆಟ್ಟು, ಓನರ್ ಅಳುವ ಸ್ಥಿತಿಗೆ ಬಂದಿದ್ದರು. ಬೇರೆ ಕಡೆ ಫಿಲ್ಟರ್ ಆಗಿತ್ತು, ಪಂಪ್ ಕ್ಯಾಲಿಬ್ರೇಷನ್ ಆಗಿತ್ತು, ಕ್ರ್ಯಾಂಕ್ ಸೆನ್ಸರೂ ಹೊಸದು ಬಿದ್ದಿತ್ತು. ಒದ್ದೆ ಬಟ್ಟೆ ಹಾಕಿದರೆ ಹತ್ತುತ್ತಿತ್ತು, ಸೆನ್ಸರ್ ಓಮ್ ಬಿಸಿಯಲ್ಲೂ ಸರಿಯಿತ್ತು. ವೈರನ್ನು ಕೈಯಲ್ಲಿ ಸವರುತ್ತಾ ಹೋದಾಗ ಸೆನ್ಸರ್‌ನಿಂದ ಗೇಣುದ್ದ ಆಚೆ, ಬೆಲ್ ಹೌಸಿಂಗಿನ ಅಂಚಿಗೆ ಉಜ್ಜಿ ಉಜ್ಜಿ ಸ್ಲೀವ್ ಹರಿದಿತ್ತು. ತಣ್ಣಗಿದ್ದಾಗ ಇನ್ಸುಲೇಷನ್ ಗಟ್ಟಿ. ಬಿಸಿಗೆ ಮೆತ್ತಗಾಗಿ, ಒಳಗಿನ ತಂತಿ ಲೋಹಕ್ಕೆ ತಾಗಿ ಸಿಗ್ನಲ್ ಸಾಯುತ್ತಿತ್ತು. ಒಂದಡಿ ವೈರ್, ಬೆಸುಗೆ, ಹೀಟ್ ಸ್ಲೀವ್, ಒಂದು ಕ್ಲಿಪ್. ಸಾಮಾನಿನ ಖರ್ಚು ಒಂದು ಊಟದಷ್ಟು ಆಗಲಿಲ್ಲ. ಕ್ರ್ಯಾಂಕ್ ಸೆನ್ಸರ್ ವೈರ್ ಸೇರಿಸುವಾಗ ಮೇಲಿನ ಶೀಲ್ಡ್ ಜಾಲರಿಯನ್ನೂ ಮೊದಲಿನಂತೆ ಸೇರಿಸಿ, ಆಲ್ಟರ್ನೇಟರ್ ಕೇಬಲ್‌ನಿಂದ ದೂರ ಇಡಿ. ಇಲ್ಲದಿದ್ದರೆ ಹೊಸ ಕಾಯಿಲೆ ಹುಟ್ಟುತ್ತದೆ.

ಡೀಸೆಲ್ ಕಡೆ

ಇಲ್ಲಿ ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಹಳೇ ಡೀಸೆಲ್ ಗಾಡಿಯಲ್ಲಿ ನೋಜಲ್ ಪೈಪ್ ಲೂಸ್ ಮಾಡಿ ಏರ್ ತೆಗೆದು ಅಭ್ಯಾಸವಾದವರು ಕಾಮನ್ ರೈಲ್‌ನಲ್ಲೂ ಅದನ್ನೇ ಮಾಡಲು ಹೋಗುತ್ತಾರೆ. ಐಡ್ಲಿಂಗ್‌ನಲ್ಲೇ ರೈಲ್ ಪ್ರೆಷರ್ 250–350 ಬಾರ್ ಇರುತ್ತದೆ, ಲೋಡ್‌ನಲ್ಲಿ ಸಾವಿರ ಬಾರ್ ದಾಟುತ್ತದೆ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಕಡಿಮೆ, ಆದರೆ ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಇಂಜಿನ್ ಓಡುವಾಗ ರೈಲ್ ಕಡೆಯ ಸ್ಟೀಲ್ ಪೈಪ್‌ಗಳನ್ನು ಮುಟ್ಟುವುದೇ ಬೇಡ. ಲೀಕ್ ಇದೆಯಾ ಅಂತ ಬೆರಳಿಟ್ಟು ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ನಾವು ಈಗ ನೋಡುವುದೆಲ್ಲ ಟ್ಯಾಂಕ್‌ನಿಂದ ಪಂಪ್‌ವರೆಗಿನ ಕಡಿಮೆ ಪ್ರೆಷರ್ ದಾರಿ.

ಮೊದಲು ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ತೆಗೆದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿಯಿರಿ, ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ, ಮತ್ತೆ ತೋಟದ ಡ್ರಮ್‌ನಿಂದ ಡೀಸೆಲ್ ಹಾಕುವವರಲ್ಲಿ ಇದು ಹೆಚ್ಚು. ತುಕ್ಕಿನ ಪುಡಿ ಕಂಡರೆ ಟ್ಯಾಂಕ್ ಇಳಿಸಿ ತೊಳೆಯಬೇಕು. ಮಿನುಗುವ ಲೋಹದ ಪುಡಿ ಕಂಡರೆ ಮಾತ್ರ ನಾನು ಗಂಭೀರವಾಗುತ್ತೇನೆ. ಹೈ ಪ್ರೆಷರ್ ಪಂಪ್ ಒಳಗೇ ಸವೆಯುತ್ತಿರಬಹುದು, ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಏರ್ ವಿಷಯದಲ್ಲಿ ಜನ ತಪ್ಪುವುದು ಒಂದು ಕಡೆ: "ಎಲ್ಲೂ ಡೀಸೆಲ್ ಸೋರ್ತಾ ಇಲ್ಲವಲ್ಲ" ಅನ್ನುತ್ತಾರೆ. ಪಂಪ್ ತಾನೇ ಟ್ಯಾಂಕಿನಿಂದ ಎಳೆದುಕೊಳ್ಳುವ ಗಾಡಿಯಲ್ಲಿ ಸಕ್ಷನ್ ಪೈಪ್ ಸೀಳಿದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಎಳನೀರಿನ ಸ್ಟ್ರಾ ಸೀಳಿದ್ದರೆ ಆಗುವ ಹಾಗೆ. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ರಬ್ಬರ್ ಹೋಸ್ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಹೋಸ್ ತಾತ್ಕಾಲಿಕವಾಗಿ ಹಾಕಿ ಓಡಿಸಿ. ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಗುಳ್ಳೆ ಬಂದು ನಿಲ್ಲುವುದು ಸರಿ. ರೇಸ್ ಕೊಟ್ಟಾಗಲೆಲ್ಲ ಗುಳ್ಳೆ ಸಾಲಾಗಿ ಬರುತ್ತಿದ್ದರೆ ಹಿಂದಕ್ಕೆ ಹುಡುಕುತ್ತಾ ಹೋಗಿ: ಫಿಲ್ಟರ್ ಓ-ರಿಂಗ್, ಪ್ರೈಮರ್, ಪೈಪ್ ಸೇರುವ ಬಂಜೋ ಬೋಲ್ಟಿನ ವಾಷರ್, ಕ್ಲಿಪ್ ಕೆಳಗೆ ಬಿರುಕುಬಿಟ್ಟ ಹೋಸ್. ಫಿಲ್ಟರ್ ಬದಲಿಸಿದ ಮಾರನೇ ದಿನವೇ ಶುರುವಾದ ತೊಂದರೆಯಾದರೆ ಓ-ರಿಂಗ್ ಮಡಚಿಕೊಂಡಿರುತ್ತದೆ, ಬೇರೆ ಹುಡುಕಬೇಡಿ.

ಲೋಡ್‌ನಲ್ಲಿ ಉಸಿರುಗಟ್ಟಿ ನಿಂತು ಹತ್ತು ನಿಮಿಷಕ್ಕೆ ಸರಿಹೋಗುವ ಗಾಡಿಗೆ ಟ್ಯಾಂಕ್ ಕಸದ ಅನುಮಾನ. ಸಕ್ಷನ್ ಪೈಪನ್ನು ಫಿಲ್ಟರ್ ಕಡೆಯಿಂದ ಬಿಚ್ಚಿ, ಟ್ಯಾಂಕ್ ಮುಚ್ಚಳ ತೆರೆದಿಟ್ಟು, ಟ್ಯಾಂಕ್ ಕಡೆಗೆ ಮೆಲ್ಲಗೆ ಗಾಳಿ ಊದಿ. ಫಿಲ್ಟರ್, ಪಂಪ್ ಕಡೆಗೆ ಊದಬಾರದು. ಗುಳುಗುಳು ಶಬ್ದ ಬಂದು ಗಾಡಿ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಆದರೆ ಜಾಲರಿಗೆ ಕಸ ಬಂದು ಕೂರುತ್ತಿದೆ ಅಂತಲೇ ಅರ್ಥ. ಇನ್ನೂ ಖಚಿತವಾಗಬೇಕಾದರೆ ಐದು ಲೀಟರ್ ಶುದ್ಧ ಡೀಸೆಲ್ ಕ್ಯಾನನ್ನು ಹಿಂದಿನ ಬಾಡಿಯಲ್ಲಿ ಗಟ್ಟಿಯಾಗಿ ಕಟ್ಟಿ, ಸಕ್ಷನ್ ಮತ್ತು ರಿಟರ್ನ್ ಎರಡೂ ಪೈಪನ್ನು ಅದಕ್ಕೇ ಬಿಟ್ಟು ಒಂದು ಏರು ಹತ್ತಿಸಿ ನೋಡಿ. ಕ್ಯಾನ್ ಕ್ಯಾಬಿನ್ನಿನಲ್ಲಿ ಬೇಡ, ಬೀಡಿ ಸಿಗರೇಟ್ ಹತ್ತಿರ ಬೇಡ. ಕ್ಯಾನ್‌ನಲ್ಲಿ ಚೆನ್ನಾಗಿ ಓಡಿದರೆ ಪಂಪ್ ಮೇಲಿನ ಆರೋಪ ಬಿದ್ದುಹೋಯಿತು. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಗೆ ಇದು ಆಗದು.

ಐಡ್ಲಿಂಗ್‌ನಲ್ಲಿ ಮಾತ್ರ ಒರಟಾಗಿ ಓಡಿ ಕಪ್ಪು ಹೊಗೆ ಬಿಟ್ಟು ನಿಲ್ಲುವುದಾದರೆ ಹೊಗೆಯ ಒಂದು ಭಾಗವನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದಿದೆಯೇ ನೋಡಿ. ಕ್ಲಚ್ ಒತ್ತಿ ವೇಗ ಇಳಿಸುವಾಗ ಆರ್‌ಪಿಎಂ ತೂಗಾಡಿ ನಿಂತರೆ ಪಂಪ್ ಮೇಲಿನ ಮೀಟರಿಂಗ್ ಯೂನಿಟ್ (ಪಂಪ್‌ಗೆ ಎಷ್ಟು ಡೀಸೆಲ್ ಬಿಡಬೇಕು ಅಂತ ನೋಡಿಕೊಳ್ಳುವ ವಾಲ್ವ್) ಅಂಟಿಕೊಳ್ಳುತ್ತಿರಬಹುದು.

ಸ್ಕ್ಯಾನರ್ ಹಾಕುವುದು

ಮೊಬೈಲಿಗೆ ಸೇರುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಲ್ಲ ಹಳೇ ಪಿಕಪ್‌ಗೂ ಮಾತಾಡುವುದಿಲ್ಲ, ಗಾಡಿ ಬಿಎಸ್3ಯೋ ಬಿಎಸ್4ಯೋ (ಹೊಗೆ ಮಿತಿಯ ಸರ್ಕಾರಿ ನಿಯಮಗಳು) ಅನ್ನುವುದನ್ನೂ ನೋಡಬೇಕು. ಬಿಎಸ್4 ನಿಯಮ 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಮಾತ್ರ ಬಂದದ್ದು. ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಒಂದೇ ವರ್ಷದ, ನೋಡಲು ಒಂದೇ ಥರದ ಎರಡು ಗಾಡಿಗಳಲ್ಲಿ ಹಾಸನದ್ದು ಬಿಎಸ್3, ಬೆಂಗಳೂರಿನದ್ದು ಬಿಎಸ್4 ಇರಬಹುದು. ಸೆನ್ಸರ್ ತರಿಸುವಾಗಲೂ ಇದನ್ನು ಮರೆಯಬೇಡಿ, ಆರ್‌ಸಿ ನೋಡಿಯೇ ಆರ್ಡರ್ ಮಾಡಿ.

ಕೋಡ್ (ಇಸಿಯು ಬರೆದಿಟ್ಟ ದೋಷದ ನಂಬರ್) ಬಂದರೆ ಅಳಿಸುವ ಮುಂಚೆ ಫೋಟೊ ತೆಗೆಯಿರಿ. ಪಿ0335, ಪಿ0336 ಬಂದರೆ ಕ್ರ್ಯಾಂಕ್ ಸಿಗ್ನಲ್. ಪಿ0087 ಅಂದರೆ ರೈಲ್ ಪ್ರೆಷರ್ ಕಡಿಮೆ. ಪಿ0562 ಅಂದರೆ ವೋಲ್ಟೇಜ್ ಕಡಿಮೆ. ಕೋಡ್ ಹೇಳುವುದು ಯಾವ ದಾರಿಯಲ್ಲಿ ತೊಂದರೆ ಅನ್ನುವುದನ್ನು, ಯಾವ ಸಾಮಾನು ಹಾಕಬೇಕು ಅನ್ನುವುದನ್ನಲ್ಲ. ಪಿ0087 ಫಿಲ್ಟರ್ ಕಟ್ಟಿದರೂ ಬರುತ್ತದೆ, ಡೀಸೆಲ್ ಖಾಲಿಯಾದರೂ ಬರುತ್ತದೆ. ಹತ್ತಾರು ಸಲ ನಿಂತ ಗಾಡಿಯಲ್ಲಿ ಒಂದೂ ಕೋಡ್ ಇಲ್ಲದಿದ್ದರೆ ಅದೂ ಒಂದು ಸುಳಿವೇ. ಇಸಿಯುಗೇ ಕರೆಂಟ್ ಹೋದರೆ ಬರೆದುಕೊಳ್ಳಲು ಅದಕ್ಕೆ ಸಮಯ ಎಲ್ಲಿ?

ಕೋಡ್‌ಗಿಂತ ನಾನು ನಂಬುವುದು ಲೈವ್ ಡೇಟಾ. ಬೇಕಾದ ರೈಲ್ ಪ್ರೆಷರ್, ಇರುವ ರೈಲ್ ಪ್ರೆಷರ್, ಆರ್‌ಪಿಎಂ, ಬ್ಯಾಟರಿ ವೋಲ್ಟೇಜ್, ಈ ನಾಲ್ಕನ್ನು ಮಾತ್ರ ಆರಿಸಿ ರೆಕಾರ್ಡ್ ಹಾಕಿ, ಲೋಡ್ ಸಮೇತ ಓಡಿಸಿ. ಇರುವ ಪ್ರೆಷರ್ ಮೊದಲು ಕುಸಿದು ಆಮೇಲೆ ಆರ್‌ಪಿಎಂ ಬಿದ್ದಿದ್ದರೆ ಡೀಸೆಲ್. ಪ್ರೆಷರ್ ಸರಿಯಿದ್ದಾಗಲೇ ಆರ್‌ಪಿಎಂ ಒಮ್ಮೆಗೇ ಸೊನ್ನೆಯಾಗಿದ್ದರೆ ಕ್ರ್ಯಾಂಕ್ ಸಿಗ್ನಲ್. ನಾಲ್ಕೂ ಒಟ್ಟಿಗೆ ಮಾಯವಾಗಿದ್ದರೆ ಕರೆಂಟ್. ಇನ್ನೊಂದು: ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ರೈಲ್ ಪ್ರೆಷರ್ ನೋಡಿ. ಸೊನ್ನೆಯ ಹತ್ತಿರ ಇರಬೇಕು, ಸೆನ್ಸರ್ ಸಿಗ್ನಲ್ ವೈರಿನಲ್ಲಿ ಸಾಮಾನ್ಯವಾಗಿ 0.5 ವೋಲ್ಟ್ ಆಸುಪಾಸು. ನಿಂತ ಇಂಜಿನ್‌ನಲ್ಲೂ ದೊಡ್ಡ ಅಂಕಿ ತೋರಿಸುವ ಸೆನ್ಸರ್ ಓಡುವಾಗಲೂ ಸುಳ್ಳೇ ಹೇಳುತ್ತದೆ.

ಪಂಪ್, ಇಂಜೆಕ್ಟರ್ ಕಡೆ ಹೋಗಲೇಬೇಕಾದರೆ

ಟ್ಯಾಂಕ್, ಫಿಲ್ಟರ್, ಏರ್ ಎಲ್ಲ ಸರಿಯಿದ್ದು ಬಿಸಿಯಲ್ಲಿ ಪ್ರೆಷರ್ ಕುಸಿಯುತ್ತಿದ್ದರೆ ಇಂಜೆಕ್ಟರ್ ರಿಟರ್ನ್ ನೋಡಿ. ನಾಲ್ಕು ಒಂದೇ ಅಳತೆಯ ಬಾಟಲಿಗೆ ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪ್ ಬಿಟ್ಟು, ಬಿಸಿ ಇಂಜಿನ್ನನ್ನು ಐಡ್ಲಿಂಗ್‌ನಲ್ಲಿ ಕೆಲವು ನಿಮಿಷ ಓಡಿಸಿ. ಪಂಪಿನಿಂದ ಬರುವ ರಿಟರ್ನ್ ಟ್ಯಾಂಕಿಗೇ ಹೋಗುತ್ತಿರಲಿ. ನಾಲ್ಕೂ ಹೆಚ್ಚು ಕಡಿಮೆ ಸಮವಾಗಿ ತುಂಬಬೇಕು. ಒಂದು ಬಾಟಲಿ ಮಿಕ್ಕವುಗಳ ಎರಡರಷ್ಟು, ಮೂರರಷ್ಟು ತುಂಬಿದರೆ ಆ ಇಂಜೆಕ್ಟರ್ ಒಳಗೇ ಪ್ರೆಷರ್ ಬಿಡುತ್ತಿದೆ. ಬಿಸಿಗೆ ಡೀಸೆಲ್ ತೆಳುವಾಗುವುದರಿಂದ ತಣ್ಣಗಿದ್ದಾಗ ಇದು ಗೊತ್ತಾಗುವುದಿಲ್ಲ. ನಾಲ್ಕೂ ಸಮವಾಗಿದ್ದು ಪ್ರೆಷರ್ ಮಾತ್ರ ಬರದಿದ್ದರೆ ಆಗ ಪಂಪ್ ಬಿಚ್ಚುವ ಮಾತು.

ಡೀಸೆಲ್ ಪಂಪ್ ಅಂಗಡಿಗೆ ಹೋಗುವಾಗ ಬಾಟಲಿಗಳ ಫೋಟೊ ಮತ್ತು ಸ್ಕ್ಯಾನರ್ ರೆಕಾರ್ಡ್ ಜೊತೆಗಿರಲಿ. ಕೆಲಸದ ಮೊದಲು ಮತ್ತು ನಂತರದ ಟೆಸ್ಟ್ ಬೆಂಚ್ ಪ್ರಿಂಟ್ ಎರಡನ್ನೂ ಕೇಳಿ, ಬದಲಿಸಿದ ಹಳೇ ಸಾಮಾನನ್ನು ವಾಪಸ್ ತನ್ನಿ. ಇಂಜೆಕ್ಟರ್ ಮೇಲೆ ಕೋಡ್ ನಂಬರ್ ಕೆತ್ತಿರುವ ಗಾಡಿಯಾದರೆ ಹೊಸ ನಂಬರನ್ನು ಇಸಿಯುಗೆ ಹಾಕಿಸಲೇಬೇಕು, ಇಲ್ಲದಿದ್ದರೆ ಹೊಸ ಇಂಜೆಕ್ಟರ್ ಕೂಡ ಮಿಸ್ಸಿಂಗ್ ಹೊಡೆಯುತ್ತದೆ. ಅವರು ಕೆಲಸ ಮಾಡುತ್ತಿರುವ ದಿನಗಳಲ್ಲಿ ನೀವು ಟ್ಯಾಂಕ್ ಇಳಿಸಿ ತೊಳೆದು, ಪೈಪ್‌ಗಳನ್ನು ಊದಿ, ಹೊಸ ಫಿಲ್ಟರ್ ಹಾಕಿ ಸಿದ್ಧ ಮಾಡಿಡಿ. ಹಳೇ ಕಸ ಇರುವ ಟ್ಯಾಂಕಿಗೆ ಹೊಸ ಪಂಪ್ ಕೂರಿಸಬೇಡಿ.